ಶಾಲೆಯ ಗೇಟಿನ ಹೊರಗೂ ಶಿಕ್ಷಕರಿಗೆ ವೃತ್ತಿಯ ನೀತಿಸಂಹಿತೆ ಅನ್ವಯಿಸಬೇಕೆ?

ಹಾಜರಿಪುಸ್ತಕ (ಚರ್ಚೆ ಆರಂಭಿಸಿದವರು)

ನಮ್ಮ ಶಾಲೆಯಲ್ಲಿ ಶಿಕ್ಷಕರ ನೀತಿಸಂಹಿತೆಯನ್ನು ಹೊಸದಾಗಿ ಬರೆಯುವ ಕೆಲಸ ನಡೆದಿದೆ. ಕರಡು ಸಮಿತಿಯಲ್ಲಿ ನಾನೂ ಇದ್ದೇನೆ. ಹಳೆಯ ಸಂಹಿತೆಯಲ್ಲಿ ಈ ವಿಷಯಕ್ಕೆ ಸಂಬಂಧಿಸಿ ಇದ್ದದ್ದು ಒಂದೇ ಸಾಲು: "ಶಿಕ್ಷಕರು ಶಾಲೆಯ ಒಳಗೂ ಹೊರಗೂ ವೃತ್ತಿಯ ಘನತೆಗೆ ತಕ್ಕಂತೆ ನಡೆದುಕೊಳ್ಳತಕ್ಕದ್ದು." ಅದನ್ನು ಇಷ್ಟು ವರ್ಷ ಯಾರೂ ಗಮನವಿಟ್ಟು ಓದಿರಲಿಲ್ಲ, ಈಗ ಓದುವ ಸಂದರ್ಭ ಬಂದಿದೆ. ಸಹೋದ್ಯೋಗಿಯೊಬ್ಬರು ರಜೆಯಲ್ಲಿ ಗೆಳತಿಯರೊಂದಿಗೆ ಕುಳಿತು ಮದ್ಯದ ಲೋಟ ಹಿಡಿದಿದ್ದ ಫೋಟೊವನ್ನು ಅವರ ಗೆಳತಿಯೊಬ್ಬರು ತಮ್ಮ ಪುಟದಲ್ಲಿ ಹಾಕಿದರು. ಅದು ಹೇಗೋ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ತಲುಪಿತು, ಮತ್ತು ಪೋಷಕರೊಬ್ಬರು ಅದನ್ನು ಮುದ್ರಿಸಿಕೊಂಡು ಬಂದು ಆಡಳಿತ ಮಂಡಳಿಯ ಮೇಜಿನ ಮೇಲಿಟ್ಟರು.

ಆ ಶಿಕ್ಷಕಿ ಕುಡಿದು ತರಗತಿಗೆ ಬಂದವರಲ್ಲ, ಮಕ್ಕಳೆದುರು ಕುಡಿದವರಲ್ಲ, ಫೋಟೊ ಹಂಚಿದವರಂತೂ ಅಲ್ಲವೇ ಅಲ್ಲ. ಆದರೂ ಅವರಿಗೆ ಕಾರಣ ಕೇಳಿ ನೋಟಿಸ್ ಹೋಗಿದೆ, ಮತ್ತು ಅದರಲ್ಲಿ ಉಲ್ಲೇಖವಾಗಿರುವುದು ಮೇಲಿನ ಅದೇ ಸಾಲು.

ಸಮಿತಿಯಲ್ಲಿ ಈಗ ಎರಡು ಬಣಗಳಾಗಿವೆ. ಶಾಲೆಯ ಹೊರಗಿನ ಬದುಕನ್ನು ಸಂಹಿತೆಯಿಂದ ಪೂರ್ತಿಯಾಗಿ ಕೈಬಿಡಬೇಕೆನ್ನುವವರು ಒಂದು ಕಡೆ. ಕೈಬಿಟ್ಟರೆ ನಾಳೆ ನಿಜವಾಗಿಯೂ ಅಪಾಯಕಾರಿಯಾದ ವ್ಯಕ್ತಿಯೊಬ್ಬ ಶಾಲೆಯೊಳಗಿದ್ದಾಗ ಅವನನ್ನು ತಡೆಯಲು ಕೈಯಲ್ಲಿ ಏನೂ ಉಳಿಯುವುದಿಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಹುರುಳಿದೆ ಎಂದು ನನಗನ್ನಿಸುತ್ತದೆ, ಆದರೆ ಅಷ್ಟರಿಂದ ನಿಯಮ ಬರೆಯಲಾಗುವುದಿಲ್ಲ. ಶಿಕ್ಷಕರು, ಪೋಷಕರು, ಕಾನೂನು ಬಲ್ಲವರು ದಯವಿಟ್ಟು ನಿಮ್ಮ ಅಭಿಪ್ರಾಯವನ್ನು ಕಾರಣಸಹಿತ ತಿಳಿಸಿ.

ನೇರಮಾತು

ಕೈಬಿಡಿ. ಶಾಲೆ ಸಂಬಳ ಕೊಡುವುದು ಶಿಕ್ಷಕರ ಕೆಲಸಕ್ಕೇ ಹೊರತು ಅವರ ಬದುಕಿಗಲ್ಲ.

ಇಬ್ಬರ ಅಮ್ಮ

ನೇರಮಾತು ಅವರೇ, ಒಂದೇ ಸಾಲಿನಲ್ಲಿ ತೀರ್ಪು ಕೊಡುವಷ್ಟು ಸುಲಭವಾದ ವಿಷಯ ಇದಲ್ಲ. ನನಗೆ ಆ ಫೋಟೊದ ಬಗ್ಗೆ ಯಾವ ತಕರಾರೂ ಇಲ್ಲ. ಅದನ್ನು ಮುದ್ರಿಸಿಕೊಂಡು ಹೋದ ಪೋಷಕರಿಗೆ ಬೇರೆ ಕೆಲಸವಿರಲಿಲ್ಲ ಎಂದೇ ಭಾವಿಸುತ್ತೇನೆ. ನನ್ನನ್ನು ಚಿಂತೆಗೆ ಹಚ್ಚುವುದು "ಗೇಟಿನಿಂದಾಚೆಗಿನದು ನಿಮಗೆ ಸಂಬಂಧಿಸಿದ್ದಲ್ಲ" ಎಂಬ ನಿಮ್ಮ ತತ್ತ್ವ. ವೈದ್ಯರು ಹಿಡಿಸದಿದ್ದರೆ ನಾನು ಬೇರೆ ವೈದ್ಯರಲ್ಲಿಗೆ ಹೋಗಬಹುದು, ವಕೀಲರನ್ನೂ ಬದಲಿಸಬಹುದು. ಆದರೆ ಮಗುವನ್ನು ಶಾಲೆಗೆ ಕಳಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ಯಾವ ಶಿಕ್ಷಕರು ಯಾವ ತರಗತಿಗೆ ಎಂದು ಯಾರೂ ನನ್ನನ್ನು ಕೇಳುವುದಿಲ್ಲ, ಮಗುವನ್ನಂತೂ ಕೇಳುವ ಪ್ರಶ್ನೆಯೇ ಇಲ್ಲ. ತಾನು ಆರಿಸಿಕೊಳ್ಳದ, ಬಿಟ್ಟು ಹೋಗಲೂ ಆಗದ ಒಬ್ಬ ಹಿರಿಯರ ಅಧಿಕಾರದ ಕೆಳಗೆ ಅದು ದಿನದ ಬಹುಪಾಲು ಕುಳಿತಿರುತ್ತದೆ.

ಒಬ್ಬ ಶಿಕ್ಷಕರು ರಾತ್ರಿ ತಮ್ಮ ಫೇಸ್‌ಬುಕ್ ಪುಟದಲ್ಲಿ ಒಂದು ಸಮುದಾಯದವರೆಲ್ಲ ಹುಟ್ಟಾ ಅಪರಾಧಿಗಳು ಎಂದು ಬರೆದು, ಬೆಳಗ್ಗೆ ಬಂದು ಅದೇ ಸಮುದಾಯದ ಮಗುವಿನ ಉತ್ತರಪತ್ರಿಕೆಗೆ ಅಂಕ ಹಾಕುತ್ತಾರೆಂದು ಭಾವಿಸಿ. ಬರೆದದ್ದು ಮನೆಯಲ್ಲಿ, ಸ್ವಂತ ಸಮಯದಲ್ಲಿ, ಸ್ವಂತ ಫೋನಿನಲ್ಲಿ. ನಿಮ್ಮ ಲೆಕ್ಕದಲ್ಲಿ ಆ ಮಗುವಿನ ತಾಯಿಗೆ ಬಾಯಿ ತೆರೆಯುವ ಹಕ್ಕೂ ಇಲ್ಲವೆ?

ನೇರಮಾತು

ಅಂಕದಲ್ಲಿ ಪಕ್ಷಪಾತ ಕಂಡುಬಂದರೆ ಆ ಪಕ್ಷಪಾತಕ್ಕೆ ಶಿಕ್ಷೆ ಕೊಡಿ. ಮನಸ್ಸಿನಲ್ಲಿರುವುದಕ್ಕೆ, ಮನೆಯಲ್ಲಿ ಬರೆದದ್ದಕ್ಕೆ ಶಿಕ್ಷೆ ಕೊಡಲು ಹೊರಟರೆ ಅದಕ್ಕೆ ಕೊನೆಯೇ ಇರುವುದಿಲ್ಲ.

ವಕಾಲತ್ತು

ಇಬ್ಬರ ಅಮ್ಮ ಅವರು ಕೊಟ್ಟ ಉದಾಹರಣೆ ಕಲ್ಪನೆಯದ್ದೇನಲ್ಲ. ಬಹುತೇಕ ಅದೇ ಪ್ರಶ್ನೆ ಕೆನಡಾದ ಸುಪ್ರೀಂ ಕೋರ್ಟಿನ ಮುಂದೆ ಬಂದು 1996ರಲ್ಲಿ ತೀರ್ಮಾನವಾಗಿದೆ. ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ರಾಸ್ ಎಂಬ ಶಿಕ್ಷಕರು ಶಾಲೆಯ ಹೊರಗೆ ವರ್ಷಗಟ್ಟಲೆ ಯೆಹೂದ್ಯರ ವಿರುದ್ಧ ಪುಸ್ತಕ, ಕರಪತ್ರಗಳನ್ನು ಪ್ರಕಟಿಸುತ್ತಿದ್ದರು. ತರಗತಿಯೊಳಗೆ ಅವರು ಅಂಥ ಮಾತಾಡಿದ್ದಕ್ಕೆ ನೇರ ಸಾಕ್ಷ್ಯವಿರಲಿಲ್ಲ. ದೂರು ಕೊಟ್ಟವರು ಅದೇ ಶಾಲಾ ಜಿಲ್ಲೆಯ ಒಬ್ಬ ಯೆಹೂದಿ ಪೋಷಕರು. ನೇರಮಾತು ಅವರ ವಾದವನ್ನೇ, ಅಂದರೆ ತರಗತಿಯಲ್ಲಿ ತಪ್ಪು ನಡೆದದ್ದನ್ನು ತೋರಿಸಿ ಎಂಬುದನ್ನೇ, ನ್ಯಾಯಾಲಯ ಒಪ್ಪಲಿಲ್ಲ. ಶಿಕ್ಷಕರು ಕೆಲಸದ ಹೊರಗೆ ಬಹಿರಂಗವಾಗಿ ನಡೆಸುವ ಇಂಥ ಪ್ರಚಾರವು ಶಾಲೆಯ ವಾತಾವರಣವನ್ನೇ ಕೆಡಿಸಬಲ್ಲದು ಮತ್ತು ಮಕ್ಕಳ ಮೇಲಿನ ಪರಿಣಾಮವನ್ನು ಸಮಂಜಸವಾಗಿ ಊಹಿಸಿದರೆ ಸಾಕು ಎಂದು ಅದು ಹೇಳಿತು. ಅವರನ್ನು ತರಗತಿಯಿಂದ ಹೊರಗಿಟ್ಟ ಆದೇಶ ಊರ್ಜಿತವಾಯಿತು.

ಇಬ್ಬರ ಅಮ್ಮ

ನೋಡಿದಿರಾ ನೇರಮಾತು ಅವರೇ? ನೌಕರಿಯಿಂದಲೇ ತೆಗೆದುಹಾಕಿದರು.

ವಕಾಲತ್ತು

ಕ್ಷಮಿಸಿ ಅಮ್ಮ, ಹಾಗಲ್ಲ. ಈ ವ್ಯತ್ಯಾಸ ಮುಖ್ಯವಾದ್ದರಿಂದ ತಿದ್ದುತ್ತಿದ್ದೇನೆ. ಅವರನ್ನು ತೆಗೆದದ್ದು ತರಗತಿಯಿಂದ ಮಾತ್ರ. ಬೋಧನೆಯಲ್ಲದ ಹುದ್ದೆಯೊಂದನ್ನು ಕೊಡಬಹುದೆಂಬ ಅವಕಾಶ ಆದೇಶದಲ್ಲೇ ಇತ್ತು. ಮುಂದೆ ಬೋಧನೆಯಲ್ಲದ ಹುದ್ದೆಯಲ್ಲಿದ್ದಾಗಲೂ ಅಂಥದ್ದನ್ನು ಪ್ರಕಟಿಸಿದರೆ ವಜಾ ಮಾಡಬೇಕೆಂಬ ಇನ್ನೊಂದು ಭಾಗವೂ ಮೂಲ ಆದೇಶದಲ್ಲಿತ್ತು, ಆದರೆ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಮಕ್ಕಳೆದುರು ನಿಲ್ಲದ ಮನುಷ್ಯನ ಬಾಯಿಯನ್ನು ಜೀವನಪರ್ಯಂತ ಕಟ್ಟುವುದಕ್ಕೆ ಸಮರ್ಥನೆ ಸಿಗಲಿಲ್ಲ. ಆ ತೀರ್ಪಿನ ಉದ್ದೇಶ ಮಕ್ಕಳ ರಕ್ಷಣೆಯೇ ಹೊರತು ಶಿಕ್ಷಕರ ಅಭಿಪ್ರಾಯಕ್ಕೆ ದಂಡನೆಯಲ್ಲ.

ಚಾಕ್‌ಪುಡಿ

ದ್ವೇಷ ಪ್ರಚಾರದ ಉದಾಹರಣೆ ಹಿಡಿದುಕೊಂಡು ಬಂದರೆ ಯಾರೂ ಎದುರು ಮಾತಾಡಲಾರರು, ಹಾಗಾಗಿಯೇ ಪ್ರತಿ ಚರ್ಚೆಯಲ್ಲೂ ಅದು ಮೊದಲು ಬರುತ್ತದೆ. ಆದರೆ "ವೃತ್ತಿಯ ಘನತೆ" ಎಂಬಂಥ ನಿಯಮಗಳು ಹೆಚ್ಚಾಗಿ ಬಡಿದಿರುವುದು ಯಾರನ್ನು ಎಂದು ಸ್ವಲ್ಪ ಹಿಂದೆ ತಿರುಗಿ ನೋಡಿ. ಇಂಗ್ಲೆಂಡಿನಲ್ಲಿ ಮದುವೆಯಾದ ಮಹಿಳೆ ಶಿಕ್ಷಕಿಯಾಗಿ ಮುಂದುವರಿಯಬಾರದೆಂಬ ನಿರ್ಬಂಧವನ್ನು ತೆಗೆಯಲು 1944ರ ಶಿಕ್ಷಣ ಕಾಯ್ದೆಯೇ ಬರಬೇಕಾಯಿತು. ಐರ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಅಂಥದೇ ನಿರ್ಬಂಧ 1934ರಿಂದ 1958ರವರೆಗೆ ಜಾರಿಯಲ್ಲಿತ್ತು. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಶಾಲಾ ಮಂಡಳಿ, ಗರ್ಭಿಣಿ ಶಿಕ್ಷಕಿಯರು ಹೆರಿಗೆಗೆ ಐದು ತಿಂಗಳು ಮೊದಲೇ ಸಂಬಳವಿಲ್ಲದ ರಜೆಯ ಮೇಲೆ ಹೋಗಲೇಬೇಕೆಂದು ಕಡ್ಡಾಯ ಮಾಡಿತ್ತು. ಅದನ್ನು ಅಲ್ಲಿನ ಸುಪ್ರೀಂ ಕೋರ್ಟ್ 1974ರಲ್ಲಿ ತಳ್ಳಿಹಾಕಿತು. ಐರ್ಲೆಂಡಿನಲ್ಲೇ ಕಾನ್ವೆಂಟ್ ಶಾಲೆಯ ಶಿಕ್ಷಕಿಯೊಬ್ಬರು ವಿವಾಹಿತ ಪುರುಷನೊಂದಿಗೆ ವಾಸವಾಗಿದ್ದು ತಾಯಿಯಾದರೆಂಬ ಕಾರಣಕ್ಕೆ ಕೆಲಸ ಕಳೆದುಕೊಂಡರು, ಮತ್ತು 1985ರಲ್ಲಿ ಹೈಕೋರ್ಟ್ ಆ ವಜಾವನ್ನು ಎತ್ತಿಹಿಡಿಯಿತು.

ಇವೆಲ್ಲವೂ ತಮ್ಮ ಕಾಲದಲ್ಲಿ "ಮಕ್ಕಳ ಹಿತ"ದ ಹೆಸರಿನಲ್ಲೇ ನಡೆದವು. ಈಗ ಮೂಲ ಪೋಸ್ಟಿಗೆ ಬನ್ನಿ. ಅದೇ ಫೋಟೊದಲ್ಲಿ ಅದೇ ಲೋಟ ಹಿಡಿದವರು ಆ ಶಾಲೆಯ ಪುರುಷ ಶಿಕ್ಷಕರೊಬ್ಬರಾಗಿದ್ದರೆ ಅದನ್ನು ಯಾರಾದರೂ ಮುದ್ರಿಸಿಕೊಂಡು ಹೋಗುತ್ತಿದ್ದರೇ? ಹಾಜರಿಪುಸ್ತಕ ಅವರು ಪ್ರಾಮಾಣಿಕವಾಗಿ ಉತ್ತರಿಸಲಿ.

ಹಾಜರಿಪುಸ್ತಕ

ಹೋಗುತ್ತಿರಲಿಲ್ಲ. ಅದೇ ಫೋಟೊದ ಅಂಚಿನಲ್ಲಿ ನಮ್ಮ ಶಾಲೆಯ ಇನ್ನೊಬ್ಬ ಶಿಕ್ಷಕರೂ ಕಾಣಿಸುತ್ತಾರೆ. ಅವರಿಗೆ ನೋಟಿಸ್ ಹೋಗಿಲ್ಲ.

ಚಾಕ್‌ಪುಡಿ

ನನ್ನ ವಾದ ಮುಗಿಯಿತು.

ನಿವೃತ್ತ ಹೆಡ್‌ಮಾಸ್ಟರ್

ಮುಗಿಯಲಿಲ್ಲ ಮೇಡಂ. ನಿಯಮವನ್ನು ಪಕ್ಷಪಾತದಿಂದ ಬಳಸಿದರೆಂಬುದು ನಿಯಮವೇ ಬೇಡವೆನ್ನುವುದಕ್ಕೆ ಸಾಕಾಗುವುದಿಲ್ಲ. ನಿಯಮವನ್ನು ಬಿಗಿಯಾಗಿ, ಸ್ಪಷ್ಟವಾಗಿ ಬರೆಯಬೇಕೆನ್ನುವುದಕ್ಕೆ ಅದು ಕಾರಣವಾಗಬಹುದು. ಮುಖ್ಯೋಪಾಧ್ಯಾಯನ ಕುರ್ಚಿಯಲ್ಲಿ ಕುಳಿತು ಇಂಥ ದೂರುಗಳನ್ನು ವರ್ಷಗಳ ಕಾಲ ಕೇಳಿದವನಾಗಿ ಹೇಳುತ್ತೇನೆ: ಬಹುಪಾಲು ದೂರುಗಳು ಓದಿ ಕಪಾಟಿಗೆ ಸೇರಿಸುವಂಥವು. ಶಿಕ್ಷಕಿಯ ಉಡುಪು, ಶಿಕ್ಷಕರ ವಿಚ್ಛೇದನ, ಯಾರು ಯಾರ ಜೊತೆ ಸಿನಿಮಾಕ್ಕೆ ಹೋದರು, ಇವುಗಳಿಗೆ ನಾನು ಉತ್ತರವನ್ನೂ ಬರೆಯುತ್ತಿರಲಿಲ್ಲ.

ಆದರೆ ಒಂದು ಪ್ರಕರಣ ಬೇರೆ ಥರದ್ದಾಗಿತ್ತು. ಒಳ್ಳೆಯ ಬೋಧಕರೆಂದು ಹೆಸರಾಗಿದ್ದ ಶಿಕ್ಷಕರೊಬ್ಬರು ಜೂಜಿನ ಸಾಲದಲ್ಲಿ ಮುಳುಗಿದ್ದರು. ಜೂಜಾಡುವುದು ಅವರ ಸ್ವಂತ ವಿಷಯವೆಂದು ನಾನು ಸುಮ್ಮನಿದ್ದೆ. ಅವರು ತಮ್ಮ ತರಗತಿಯ ಮಕ್ಕಳ ಪೋಷಕರಿಂದಲೇ ಕೈಸಾಲ ತೆಗೆದುಕೊಳ್ಳತೊಡಗಿದ್ದಾರೆಂದು ತಿಳಿದ ದಿನ ಅದು ಖಾಸಗಿಯಾಗಿ ಉಳಿಯಲಿಲ್ಲ. ಸಾಲ ಕೊಟ್ಟವರ ಮಗುವಿಗೂ ಕೊಡದವರ ಮಗುವಿಗೂ ಅದೇ ಕೈ ಅಂಕ ಹಾಕಬೇಕು. ಅಂಕ ಸರಿಯಾಗಿಯೇ ಇದ್ದರೂ ಅದನ್ನು ನಂಬುವವರು ಯಾರು? ಪೋಷಕರೊಂದಿಗೆ ಹಣದ ವ್ಯವಹಾರ ಕೂಡದೆಂದು ಲಿಖಿತವಾಗಿ ಎಚ್ಚರಿಕೆ ಕೊಟ್ಟೆ. ಅವರ ಜೂಜಿನ ಬಗ್ಗೆ ಆ ಪತ್ರದಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ.

ಅನುಮಾನ

ಮೇಷ್ಟ್ರೇ, ನಿಮ್ಮ ಉದಾಹರಣೆ ನೇರಮಾತು ಅವರ ಪಕ್ಷವನ್ನೇ ಬಲಪಡಿಸುತ್ತದೆಯಲ್ಲವೆ? ನೀವು ಕ್ರಮ ಕೈಗೊಂಡದ್ದು ಖಾಸಗಿ ಬದುಕಿನ ಮೇಲಲ್ಲ, ವೃತ್ತಿಗೆ ಸಂಬಂಧಿಸಿದ ಹಿತಾಸಕ್ತಿಯ ಸಂಘರ್ಷದ ಮೇಲೆ.

ನಿವೃತ್ತ ಹೆಡ್‌ಮಾಸ್ಟರ್

ಸಾಲದ ವ್ಯವಹಾರ ನಡೆದದ್ದು ಶಾಲೆಯ ಹೊರಗೆ, ರಜಾದಿನಗಳಲ್ಲಿ, ಇಬ್ಬರು ವಯಸ್ಕರ ನಡುವೆ. ಸಮಯ ಮತ್ತು ಸ್ಥಳಗಳನ್ನಷ್ಟೇ ನೋಡಿದರೆ ಅದು ಖಾಸಗಿಯೇ. ನಾನು ಹೇಳುವುದೂ ಅದನ್ನೇ: ಗಡಿಯಾರವನ್ನೋ ಗೇಟನ್ನೋ ನೋಡಿ ಇದನ್ನು ತೀರ್ಮಾನಿಸಲಾಗುವುದಿಲ್ಲ.

ವಕಾಲತ್ತು

ಹೆಡ್‌ಮಾಸ್ಟರ್ ಅವರ ಮಾತಿಗೆ ನಮ್ಮ ಕಾನೂನಿನಲ್ಲೇ ಒಂದು ನಿದರ್ಶನವಿದೆ. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್, ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸುತ್ತದೆ. ಸಂಜೆ ತನ್ನ ಮನೆಯಲ್ಲಿ ಪಾಠ ಹೇಳುವುದರಲ್ಲಿ ಅನೈತಿಕವಾದದ್ದೇನೂ ಇಲ್ಲ. ಆದರೂ ನಿಷೇಧ ಏಕೆಂದರೆ, ಸಂಜೆಯ ಪಾಠಕ್ಕೆ ಹಣ ಸಿಗುವಂತಿದ್ದರೆ ಬೆಳಗಿನ ಪಾಠವನ್ನು ಸೊರಗಿಸುವ ಆಮಿಷ ಹುಟ್ಟುತ್ತದೆ. ಶಾಲೆಯ ಹೊರಗಿನ ಬದುಕಿಗೆ ಕೈಹಾಕಿದ ನಿಯಮವೇ ಅದು, ಆದರೆ ಏನು ಮಾಡಬಾರದೆಂದು ಅದು ಮೊದಲೇ ಸ್ಪಷ್ಟವಾಗಿ ಹೇಳುತ್ತದೆ. "ಘನತೆಗೆ ತಕ್ಕಂತೆ" ಎಂಬ ಸಾಲಿಗೆ ಆ ಗುಣವಿಲ್ಲ; ಏನನ್ನು ಮುರಿದೆನೆಂಬುದು ನೋಟಿಸ್ ಬಂದ ಮೇಲಷ್ಟೇ ಶಿಕ್ಷಕರಿಗೆ ಗೊತ್ತಾಗುತ್ತದೆ.

ಕೊನೆಯ ಬೆಂಚು

ಇಷ್ಟು ಹೊತ್ತು ಮಾತಾಡಿದವರೆಲ್ಲ ಶಿಕ್ಷಕರು, ಪೋಷಕರು, ವಕೀಲರು. ಕಲಿತವರ ಕಡೆಯಿಂದ ಒಂದು ಮಾತು. ನನಗೆ ಕಲಿಸಿದವರಲ್ಲಿ ಒಬ್ಬರ ಖಾಸಗಿ ಬದುಕು ಕನ್ನಡಿಯಂತೆ ಸ್ವಚ್ಛವಾಗಿತ್ತು; ಅವರನ್ನು ಎಲ್ಲರೂ ಆದರ್ಶವೆನ್ನುತ್ತಿದ್ದರು. ತರಗತಿಯಲ್ಲಿ ಅವರು ಉತ್ತರ ಗೊತ್ತಿಲ್ಲದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿ, ಅವನ ಅಪ್ಪ ಮಾಡುತ್ತಿದ್ದ ಕೆಲಸದ ಹೆಸರು ಹಿಡಿದು ಹಂಗಿಸುತ್ತಿದ್ದರು. ಅವರ ಮೇಲೆ ಒಂದೂ ದೂರು ಹೋಗಲಿಲ್ಲ. ಇನ್ನೊಬ್ಬರ ಮನೆಯ ವಿಷಯ ಊರೆಲ್ಲ ಮಾತಾಡುತ್ತಿತ್ತು, ಮತ್ತು ಅದು ನಮಗೂ ಗೊತ್ತಿತ್ತು. ಆದರೆ ಗಣಿತ ಅರ್ಥವಾಗಿದ್ದು ಅವರಿಂದಲೇ. ಶಿಕ್ಷಕರನ್ನು ನೋಡಿ ಮಕ್ಕಳು ಕೆಡುತ್ತಾರೆಂದು ಚಿಂತಿಸುವವರು, ಮಕ್ಕಳು ಶಿಕ್ಷಕರಲ್ಲಿ ಗಮನಿಸುವುದೇನನ್ನು ಎಂದು ಒಮ್ಮೆ ಮಕ್ಕಳನ್ನೇ ಕೇಳಬೇಕು.

ಇಬ್ಬರ ಅಮ್ಮ

ಒಪ್ಪುತ್ತೇನೆ. ಆದರೆ ಎರಡನ್ನೂ ಕೇಳುವುದರಲ್ಲಿ ತಪ್ಪೇನಿದೆ? ತರಗತಿಯಲ್ಲಿ ಕ್ರೌರ್ಯವೂ ಬೇಡ, ಹೊರಗೆ ಕ್ರೌರ್ಯವೂ ಬೇಡ. ಮನೆಯಲ್ಲಿ ಹೆಂಡತಿಯನ್ನು ಹೊಡೆದು ನ್ಯಾಯಾಲಯದಲ್ಲಿ ಅಪರಾಧ ಸಾಬೀತಾದ ಮನುಷ್ಯ ಸೋಮವಾರ ನನ್ನ ಮಗಳ ತರಗತಿಗೆ ಬರುತ್ತಾನೆಂದರೆ, ಅವನು ಗಣಿತವನ್ನು ಎಷ್ಟು ಚೆನ್ನಾಗಿ ಕಲಿಸುತ್ತಾನೆಂಬುದು ನನಗೆ ಬೇಕಿಲ್ಲ.

ಅನುಮಾನ

ಅದು ಅಪರಾಧ. ಅಪರಾಧಕ್ಕೆ ಕಾನೂನಿದೆ.

ಇಬ್ಬರ ಅಮ್ಮ

ಕಾನೂನು ಅವನಿಗೆ ದಂಡ ಹಾಕಿ ಕಳಿಸಿರಬಹುದು. ಶಾಲೆ ಏನು ಮಾಡಬೇಕೆಂಬುದು ನನ್ನ ಪ್ರಶ್ನೆ.

ನಿವೃತ್ತ ಹೆಡ್‌ಮಾಸ್ಟರ್

ಅಮ್ಮನವರ ಜೊತೆ ನಾನಿದ್ದೇನೆ. ತನಗಿಂತ ದುರ್ಬಲರ ಮೇಲೆ ಕೈಮಾಡುವ ಸ್ವಭಾವಕ್ಕೂ ಮಕ್ಕಳ ಮೇಲೆ ಅಧಿಕಾರ ನಡೆಸುವ ಕೆಲಸಕ್ಕೂ ಇರುವ ಸಂಬಂಧವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಆದರೆ ಅಪರಾಧವೆಲ್ಲ ಒಂದೇ ಅಲ್ಲ. ನಿಷೇಧಾಜ್ಞೆ ಮುರಿದು ಪ್ರತಿಭಟನೆಯಲ್ಲಿ ಕುಳಿತದ್ದೂ ಅಪರಾಧವೇ, ಕುಡಿದು ವಾಹನ ಓಡಿಸಿದ್ದೂ ಅಪರಾಧವೇ. ಮೊದಲನೆಯದರಿಂದ ಮಕ್ಕಳಿಗೆ ಯಾವ ಅಪಾಯವೂ ಇಲ್ಲ. ಎರಡನೆಯದರ ಬಗ್ಗೆ ನಾನು ಕೇಳುವುದು, ಆ ಶಿಕ್ಷಕರು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಹೊಣೆ ಹೊತ್ತವರೇ ಎಂದು. ಶಿಕ್ಷೆಯಾಗಿದೆ ಎಂಬ ಒಂದೇ ಕಾರಣಕ್ಕೆ ಯೋಚನೆಯನ್ನು ನಿಲ್ಲಿಸಬಾರದು.

ಚಾಕ್‌ಪುಡಿ

ಹಾಗಾದರೆ ಪ್ರತಿ ಸಲವೂ "ಸಂಬಂಧ ಇದೆಯೇ" ಎಂದು ನಿರ್ಧರಿಸುವವರು ಯಾರು? ಆಡಳಿತ ಮಂಡಳಿಯವರೇ ತಾನೆ? ಲೋಟ ಹಿಡಿದ ಫೋಟೊಕ್ಕೂ ಮಕ್ಕಳ ನೈತಿಕತೆಗೂ ಸಂಬಂಧವಿದೆ ಎಂದು ಅವರು ಈಗಾಗಲೇ ನಿರ್ಧರಿಸಿ ನೋಟಿಸ್ ಕಳಿಸಿದ್ದಾರೆ.

ವಕಾಲತ್ತು

ಈ ಪ್ರಶ್ನೆಗೆ ನನಗೆ ತಿಳಿದಿರುವವುಗಳಲ್ಲಿ ಅತ್ಯುತ್ತಮ ಉತ್ತರ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1969ರಲ್ಲಿ ಕೊಟ್ಟದ್ದು. ಮಾರಿಸನ್ ಎಂಬ ಶಿಕ್ಷಕರು ಇನ್ನೊಬ್ಬ ಪುರುಷ ಶಿಕ್ಷಕರೊಂದಿಗೆ ಕೆಲವು ದಿನ, ಪರಸ್ಪರ ಒಪ್ಪಿಗೆಯಿಂದ, ಸಂಬಂಧ ಹೊಂದಿದ್ದರು. ಅದು ಸುಮಾರು ಮೂರು ವರ್ಷಗಳ ನಂತರ "ಅನೈತಿಕ ನಡತೆ" ಎಂಬ ಹೆಸರಿನಲ್ಲಿ ಅವರ ಬೋಧನಾ ಪರವಾನಗಿಯನ್ನೇ ಕಸಿದುಕೊಂಡಿತು. ಅನೈತಿಕತೆ ಎಂಬಷ್ಟು ಅಗಲವಾದ ಮಾತನ್ನು ಬೋಧಿಸುವ ಅರ್ಹತೆಗೆ ಕಟ್ಟಿಹಾಕದಿದ್ದರೆ ಅದನ್ನು ಯಾರ ಮೇಲಾದರೂ ಪ್ರಯೋಗಿಸಬಹುದು ಎಂದು ನ್ಯಾಯಾಲಯ ಕಂಡಿತು. ಹಾಗಾಗಿ ಅಧಿಕಾರಿಗಳು ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಅದು ಮುಂದಿಟ್ಟಿತು: ಆ ನಡತೆಯಿಂದ ವಿದ್ಯಾರ್ಥಿಗಳಿಗೋ ಸಹಶಿಕ್ಷಕರಿಗೋ ಕೇಡಾಗುವ ಸಂಭವವಿದೆಯೇ, ಎಷ್ಟರ ಮಟ್ಟಿಗೆ, ಅದು ನಡೆದು ಎಷ್ಟು ಕಾಲವಾಯಿತು, ಯಾವ ಉದ್ದೇಶದಿಂದ ನಡೆಯಿತು, ಮತ್ತೆ ನಡೆಯುವ ಸಾಧ್ಯತೆ ಇದೆಯೇ, ಇದಕ್ಕೆ ಶಿಕ್ಷೆ ಕೊಟ್ಟರೆ ಈ ಶಿಕ್ಷಕರು ಮತ್ತು ಇತರ ಶಿಕ್ಷಕರು ತಮ್ಮ ನ್ಯಾಯಬದ್ಧ ಹಕ್ಕುಗಳನ್ನು ಚಲಾಯಿಸಲು ಹೆದರುವಂತಾಗುತ್ತದೆಯೇ. ಸಲಿಂಗ ಸಂಬಂಧವನ್ನು ಕಂಡರೆ ಸಮಾಜ ಹೇಸುತ್ತಿದ್ದ ಕಾಲದಲ್ಲಿ ಈ ತೀರ್ಪು ಬಂತೆಂಬುದನ್ನು ಗಮನಿಸಿ.

ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಘೋಷಿಸಿದ ಮೇಲೆ ಇಲ್ಲಿಯೂ ಇಂಥ ಪ್ರಶ್ನೆಗಳನ್ನು ಕೇಳದೆ ಮುಂದುವರಿಯುವುದು, ಕನಿಷ್ಠ ಸರ್ಕಾರಿ ಸಂಸ್ಥೆಗಳಿಗೆ, ಕಷ್ಟವಾಗಬೇಕು.

ನೇರಮಾತು

ಇಷ್ಟೆಲ್ಲ ಪ್ರಶ್ನೆ ಕೇಳುವ ಬದಲು ಹೊರಗಿನದನ್ನು ಬಿಟ್ಟುಬಿಟ್ಟರೆ ಎಲ್ಲರ ಶ್ರಮವೂ ಉಳಿಯುತ್ತದೆ ಎಂದು ನಾನು ಮೊದಲೇ ಹೇಳಿದ್ದೆ. ರಾಜಕೀಯದ ವಿಷಯವನ್ನು ಇಲ್ಲಿ ಯಾರೂ ಎತ್ತಿಲ್ಲ. ಹೊರಗಿನ ನಡತೆಯ ಹೆಸರಿನಲ್ಲಿ ಆಳುವವರು ಮೊದಲು ಹಿಡಿಯುವುದು ತಮಗಾಗದ ಪಕ್ಷದ ಶಿಕ್ಷಕರನ್ನು.

ವಕಾಲತ್ತು

ಈ ಒಂದು ವಿಷಯದಲ್ಲಿ ನೀವು ಹೇಳುವುದು ಸರಿ, ಮತ್ತು ಅದಕ್ಕೆ ಇತಿಹಾಸದ ಬೆಂಬಲವಿದೆ. ಮಧ್ಯಪ್ರದೇಶದಲ್ಲಿ ರಘುವಂಶಿ ಎಂಬ ಶಿಕ್ಷಕರು ಹಿಂದೆ ಆರೆಸ್ಸೆಸ್ ಮತ್ತು ಜನಸಂಘದ ಚಟುವಟಿಕೆಗಳಲ್ಲಿ ಭಾಗವಹಿಸಿದ್ದರೆಂಬ ಪೊಲೀಸ್ ವರದಿಯ ಮೇಲೆ ಸರ್ಕಾರಿ ಕೆಲಸ ಕಳೆದುಕೊಂಡರು. ಸುಪ್ರೀಂ ಕೋರ್ಟ್ 1983ರಲ್ಲಿ ಸರ್ಕಾರದ ವಾದವನ್ನು ತಳ್ಳಿಹಾಕಿತು. ಜರ್ಮನಿಯಲ್ಲಿ ಫೋಗ್ಟ್ ಎಂಬ ಭಾಷಾ ಶಿಕ್ಷಕಿಯನ್ನು ಕಮ್ಯುನಿಸ್ಟ್ ಪಕ್ಷದ ಸದಸ್ಯೆಯೆಂಬ ಕಾರಣಕ್ಕೆ ವಜಾ ಮಾಡಲಾಯಿತು; ಅವರ ಬೋಧನೆಯ ಬಗ್ಗೆ ಯಾರಿಗೂ ದೂರಿರಲಿಲ್ಲ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1995ರಲ್ಲಿ ಅವರ ಪರವಾಗಿ ತೀರ್ಪು ಕೊಟ್ಟಿತು, ಅದೂ ಒಂದೇ ಮತದ ಅಂತರದಿಂದ. ಒಬ್ಬರು ಬಲಪಂಥದವರು, ಒಬ್ಬರು ಎಡಪಂಥದವರು. ಇಬ್ಬರಿಗೂ ಆದದ್ದು ಒಂದೇ. ಅಮೆರಿಕದ ಪಿಕರಿಂಗ್ ಪ್ರಕರಣವನ್ನೂ ಸೇರಿಸಿಕೊಳ್ಳಿ: ಶಾಲಾ ಮಂಡಳಿ ಹಣ ಖರ್ಚು ಮಾಡುವ ರೀತಿಯನ್ನು ಟೀಕಿಸಿ ಪತ್ರಿಕೆಗೆ ಪತ್ರ ಬರೆದ ಶಿಕ್ಷಕರನ್ನು ಅದೇ ಮಂಡಳಿ ವಜಾ ಮಾಡಿತು, ಮತ್ತು ಅಲ್ಲಿನ ಸುಪ್ರೀಂ ಕೋರ್ಟ್ 1968ರಲ್ಲಿ ಆ ವಜಾ ಸಲ್ಲದೆಂದಿತು.

ಆದರೆ ಇವುಗಳನ್ನು ರಾಸ್ ಪ್ರಕರಣದ ಪಕ್ಕದಲ್ಲಿಟ್ಟು ನೋಡಿ. ಪಕ್ಷವನ್ನು ಬೆಂಬಲಿಸುವುದು, ಸರ್ಕಾರವನ್ನು ಟೀಕಿಸುವುದು ಒಂದು. ತನ್ನೆದುರು ಕುಳಿತ ಮಕ್ಕಳಲ್ಲಿ ಕೆಲವರು ಮನುಷ್ಯರಾಗಿಯೇ ಕಡಿಮೆಯೆಂದು ಸಾರುವುದು ಇನ್ನೊಂದು. ನಿಮ್ಮ ಸರಳ ನಿಯಮಕ್ಕೆ ಈ ಎರಡರ ವ್ಯತ್ಯಾಸ ಕಾಣುವುದಿಲ್ಲ.

ನೇರಮಾತು

ಆಡಳಿತ ಮಂಡಳಿಗಳಿಗೂ ಕಾಣುವುದಿಲ್ಲ ಎಂಬುದೇ ನನ್ನ ಭಯ. ಆ ವ್ಯತ್ಯಾಸವನ್ನು ನ್ಯಾಯಾಲಯದಲ್ಲಿ ತೋರಿಸುವಷ್ಟರಲ್ಲಿ ಶಿಕ್ಷಕರ ಅರ್ಧ ವೃತ್ತಿಜೀವನ ಮುಗಿದಿರುತ್ತದೆ.

ಅನುಮಾನ

ಇಂಗ್ಲೆಂಡಿನಲ್ಲಿ 2012ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಶಿಕ್ಷಕರ ಮಾನದಂಡಗಳು, ಶಾಲೆಯ ಒಳಗೂ ಹೊರಗೂ ಉನ್ನತ ಮಟ್ಟದ ನೀತಿ ಮತ್ತು ನಡತೆಯನ್ನು ಕಾಪಾಡಿಕೊಳ್ಳಬೇಕೆಂದು ನೇರವಾಗಿಯೇ ಹೇಳುತ್ತವೆ. ಹಾಜರಿಪುಸ್ತಕ ಅವರ ಹಳೆಯ ಸಾಲಿಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸ ನನಗೆ ಕಾಣುತ್ತಿಲ್ಲ. ಅಷ್ಟು ದೊಡ್ಡ ವ್ಯವಸ್ಥೆಗೆ ಅದು ಸಾಕಾಗುವುದಾದರೆ ಒಂದು ಶಾಲೆಗೆ ಏಕೆ ಸಾಲದು?

ಚಾಕ್‌ಪುಡಿ

ಅಲ್ಲಿ ಆ ಸಾಲಿನ ಹಿಂದೆ ಒಂದು ಪ್ರಕ್ರಿಯೆ ಇದೆ, ಸ್ವಾಮಿ. ಗಂಭೀರ ದುರ್ನಡತೆಯ ಆರೋಪವನ್ನು ಶಾಲೆಯಿಂದ ಹೊರಗಿನ ಸಮಿತಿ ವಿಚಾರಣೆ ಮಾಡುತ್ತದೆ, ಶಿಕ್ಷಕರ ಪರವಾಗಿ ವಾದಿಸುವವರು ಇರಬಹುದು, ಬೋಧನೆಯಿಂದ ನಿಷೇಧಿಸಿದರೆ ಅದರ ಕಾರಣಗಳು ಪ್ರಕಟವಾಗುತ್ತವೆ, ಮೇಲ್ಮನವಿಗೆ ಹೈಕೋರ್ಟ್ ಇದೆ. ಆ ಪ್ರಕ್ರಿಯೆಯನ್ನೂ ನಾನು ಪೂರ್ತಿ ಮೆಚ್ಚುವುದಿಲ್ಲ, ಏಕೆಂದರೆ "ವೃತ್ತಿಯ ಮೇಲಿನ ಸಾರ್ವಜನಿಕ ನಂಬಿಕೆ" ಎಂಬ ಮಾತು ಅಲ್ಲಿಯೂ ಬಹಳ ಭಾರ ಹೊರುತ್ತದೆ. ಆದರೂ, ಅದೇ ಸಾಲನ್ನು ಪ್ರಕ್ರಿಯೆಯೇ ಇಲ್ಲದ ಒಂದು ಶಾಲೆಗೆ ತಂದರೆ, ದೂರನ್ನು ಕೇಳುವವರೂ ತೀರ್ಪು ಕೊಡುವವರೂ ಸಂಬಳ ಕೊಡುವವರೂ ಒಬ್ಬರೇ ಆಗಿರುತ್ತಾರೆ.

ಇನ್ನೂ ಒಂದು ವಿಷಯ. ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ರೂಪಿಸಿದ ಶಿಕ್ಷಕರ ಸ್ಥಾನಮಾನದ ಕುರಿತ ಶಿಫಾರಸು 1966ರ ಅಕ್ಟೋಬರ್ 5ರಂದು ಅಂಗೀಕಾರವಾಯಿತು. ವಿಶ್ವ ಶಿಕ್ಷಕರ ದಿನ ಆ ದಿನಾಂಕಕ್ಕೆ ಬಂದಿರುವುದು ಅದರಿಂದಲೇ. ಇತರ ನಾಗರಿಕರಿಗಿರುವ ಎಲ್ಲ ನಾಗರಿಕ ಹಕ್ಕುಗಳನ್ನು ಶಿಕ್ಷಕರೂ ಚಲಾಯಿಸಬಹುದು ಎಂದು ಅದು ಹೇಳುತ್ತದೆ. ನೀತಿಸಂಹಿತೆಯನ್ನು ರೂಪಿಸಬೇಕಾದವರು ಶಿಕ್ಷಕರ ಸಂಘಟನೆಗಳು ಎಂದೂ ಹೇಳುತ್ತದೆ. ನಿಮ್ಮ ಕರಡು ಸಮಿತಿಯಲ್ಲಿ ಶಿಕ್ಷಕರು ಎಷ್ಟು ಜನ ಇದ್ದೀರಿ?

ಹಾಜರಿಪುಸ್ತಕ

ಇಬ್ಬರು. ಉಳಿದವರು ಆಡಳಿತ ಮಂಡಳಿಯವರು ಮತ್ತು ಪೋಷಕರ ಪ್ರತಿನಿಧಿಗಳು. ಈ ವಿಷಯವನ್ನು ಮುಂದಿನ ಸಭೆಯಲ್ಲಿ ಎತ್ತುತ್ತೇನೆ.

ಕೊನೆಯ ಬೆಂಚು

ರಾತ್ರಿ ಹೊತ್ತು ವಿದ್ಯಾರ್ಥಿಗಳಿಗೆ ವೈಯಕ್ತಿಕ ಸಂದೇಶ ಕಳಿಸುವ ಶಿಕ್ಷಕರ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ?

ನಿವೃತ್ತ ಹೆಡ್‌ಮಾಸ್ಟರ್

ಅದರಲ್ಲಿ ಚರ್ಚೆಗೆ ಏನೂ ಇಲ್ಲದ್ದರಿಂದ ಮಾತಾಡಲಿಲ್ಲ. ವಿದ್ಯಾರ್ಥಿಯೊಂದಿಗಿನ ವ್ಯವಹಾರ ಯಾವ ಹೊತ್ತಿನಲ್ಲೂ ಖಾಸಗಿಯಲ್ಲ.

ನೇರಮಾತು

ಇದನ್ನು ನಾನೂ ಒಪ್ಪುತ್ತೇನೆ.

ಅನುಮಾನ

ಫೋಟೊದ ವಿಷಯಕ್ಕೆ ಮರಳಿ ಒಂದು ಕೊರೆಯುವ ಪ್ರಶ್ನೆ. ಆ ಶಿಕ್ಷಕಿ ಅದೇ ಸಂಜೆ ಅದೇ ಜಾಗದಲ್ಲಿ ಅಷ್ಟೇ ಕುಡಿದು, ಫೋಟೊ ಮಾತ್ರ ಹೊರಬರದೆ ಇದ್ದಿದ್ದರೆ ದೂರಿರುತ್ತಿರಲಿಲ್ಲ. ಹಾಗಾದರೆ ಅವರು ತಪ್ಪು ಮಾಡಿದ್ದು ಎಲ್ಲಿ? ನಡತೆ ಒಂದೇ, ಬದಲಾದದ್ದು ಬೇರೆಯವರ ಒಂದು ಬೆರಳಿನ ಒತ್ತು. ಇದನ್ನು ದುರ್ನಡತೆ ಎನ್ನುವ ಸಂಹಿತೆ ಶಿಕ್ಷಕರಿಂದ ಬಯಸುವುದು ಒಳ್ಳೆಯ ನಡತೆಯನ್ನಲ್ಲ, ಅಡಗಿಕೊಳ್ಳುವ ಜಾಣತನವನ್ನು.

ಇಬ್ಬರ ಅಮ್ಮ

ಅದಕ್ಕೆ ಪ್ರತಿಯಾಗಿ ಹೇಳುವುದಾದರೆ, ಬಹಿರಂಗವಾಗುವುದೇ ಕೆಲವು ಸಲ ತಪ್ಪಿನ ಭಾಗ. ರಾಸ್ ಮನೆಯೊಳಗೆ ಕುಳಿತು ಅವೇ ವಿಚಾರಗಳನ್ನು ತಮ್ಮಷ್ಟಕ್ಕೆ ಇಟ್ಟುಕೊಂಡಿದ್ದರೆ ಆ ಯೆಹೂದಿ ಪೋಷಕರು ದೂರು ಕೊಡಲು ಕಾರಣವೇ ಇರುತ್ತಿರಲಿಲ್ಲ.

ವಕಾಲತ್ತು

ನಿಜ, ಆದರೆ ರಾಸ್ ತಾವೇ ಪ್ರಕಟಿಸಿದರು, ಜನ ಓದಲೆಂದೇ ಪ್ರಕಟಿಸಿದರು. ಈ ಶಿಕ್ಷಕಿಯ ವಿಷಯದಲ್ಲಿ ಪ್ರಕಟಿಸಿದವರು ಗೆಳತಿ, ಹಂಚಿದವರು ಪೋಷಕರು. ಮಕ್ಕಳ ಕಣ್ಣಿಗೆ ಆ ಫೋಟೊ ಬಿದ್ದಿದ್ದರೆ ಅದಕ್ಕೆ ಕಾರಣರಾದವರ ಪಟ್ಟಿಯಲ್ಲಿ ಶಿಕ್ಷಕಿ ಕೊನೆಯವರು.

ಹಾಜರಿಪುಸ್ತಕ

ಎಲ್ಲರ ಮಾತುಗಳನ್ನು ಓದಿ, ಹಳೆಯ ಸಾಲಿನ ಜಾಗಕ್ಕೆ ಈ ಮೂರು ವಾಕ್ಯಗಳನ್ನು ಬರೆದಿದ್ದೇನೆ. ದಯವಿಟ್ಟು ಹರಿದು ನೋಡಿ.

"ಶಿಕ್ಷಕರ ಖಾಸಗಿ ನಡತೆಯು ವಿದ್ಯಾರ್ಥಿಗಳ ಸುರಕ್ಷತೆಗೆ, ಅವರೆಲ್ಲರನ್ನೂ ಸಮಾನವಾಗಿ ಕಾಣುವ ಹೊಣೆಗೆ ಅಥವಾ ಶಿಕ್ಷಕರ ಪ್ರಾಮಾಣಿಕತೆಗೆ ನೇರವಾಗಿ ಸಂಬಂಧಿಸಿದ್ದಾಗ ಮಾತ್ರ ಶಿಸ್ತುಕ್ರಮದ ವಿಷಯವಾಗಬಹುದು. ಆ ಸಂಬಂಧ ಏನೆಂಬುದನ್ನು ದೂರಿನಲ್ಲಿಯೂ ನೋಟಿಸಿನಲ್ಲಿಯೂ ಲಿಖಿತವಾಗಿ ವಿವರಿಸಿರಬೇಕು. ಕಾನೂನಿಗೆ ವಿರುದ್ಧವಲ್ಲದ ನಡತೆಯೊಂದು ಇತರರಿಗೆ ಇಷ್ಟವಾಗಲಿಲ್ಲ ಅಥವಾ ಬಹಿರಂಗವಾಯಿತು ಎಂಬುದಷ್ಟೇ ದುರ್ನಡತೆಯಾಗುವುದಿಲ್ಲ."

ಅನುಮಾನ

"ಪ್ರಾಮಾಣಿಕತೆ" ಎಂದು ಬಿಡಿಯಾಗಿ ಬಿಟ್ಟರೆ ಅದೇ ಹಳೆಯ ಬಾಗಿಲು ತೆರೆದಂತಾಯಿತು. ಗಂಡನಿಗೆ ಸುಳ್ಳು ಹೇಳಿದ ಶಿಕ್ಷಕಿಯನ್ನೂ ಅದರಡಿ ಎ‌ಳೆಯಬಹುದು. "ಅಂಕ, ಪರೀಕ್ಷೆ ಮತ್ತು ಶಾಲೆಯ ಹಣದ ವಿಷಯದಲ್ಲಿ ಅವರ ಪ್ರಾಮಾಣಿಕತೆಗೆ" ಎಂದು ಬರೆಯಿರಿ.

ನಿವೃತ್ತ ಹೆಡ್‌ಮಾಸ್ಟರ್

ವಿಚಾರಣೆ ನಡೆಸುವ ಸಮಿತಿಯಲ್ಲಿ ಶಾಲೆಗೆ ಸಂಬಂಧಿಸದ ಒಬ್ಬರಾದರೂ ಇರಬೇಕೆಂದು ನಾಲ್ಕನೆಯ ವಾಕ್ಯ ಸೇರಿಸಿ. ಸಹಿಯಿಲ್ಲದ ದೂರುಗಳ ಮೇಲೆ ಮಕ್ಕಳ ಸುರಕ್ಷತೆಯ ಹೊರತು ಬೇರೆ ವಿಷಯಕ್ಕೆ ಕ್ರಮವಿಲ್ಲವೆಂದೂ ಸೇರಿಸಿ. ಇವೆರಡೂ ಇಲ್ಲದಿದ್ದರೆ ಮೇಲಿನ ಮೂರು ವಾಕ್ಯಗಳು ಕಾಗದದ ಮೇಲಷ್ಟೇ ಉಳಿಯುತ್ತವೆ.

ಇಬ್ಬರ ಅಮ್ಮ

ಮೂರನೆಯ ವಾಕ್ಯಕ್ಕೆ ನನ್ನ ಆಕ್ಷೇಪವಿದೆ. ದ್ವೇಷದ ಬರಹಗಳಲ್ಲಿ ಬಹುಪಾಲು ಕಾನೂನಿಗೆ ಸಿಕ್ಕದ ಹಾಗೆಯೇ ಬರೆದಿರುತ್ತಾರೆ. "ಕಾನೂನಿಗೆ ವಿರುದ್ಧವಲ್ಲ, ಇವರಿಗೆ ಇಷ್ಟವಾಗಲಿಲ್ಲ ಅಷ್ಟೇ" ಎಂದು ಅಂಥವರೂ ಇದೇ ವಾಕ್ಯದ ಹಿಂದೆ ನಿಲ್ಲುತ್ತಾರೆ.

ವಕಾಲತ್ತು

ನಿಲ್ಲಲಾಗುವುದಿಲ್ಲ. ಮಕ್ಕಳನ್ನು ಸಮಾನವಾಗಿ ಕಾಣುವ ಹೊಣೆ ಮೊದಲ ವಾಕ್ಯದಲ್ಲೇ ಇದೆ, ಮತ್ತು ಮೂರನೆಯ ವಾಕ್ಯದಲ್ಲಿರುವ "ಅಷ್ಟೇ" ಎಂಬುದನ್ನು ಉಳಿಸಿಕೊಂಡರೆ ಅದು ಮೊದಲನೆಯದನ್ನು ಕಡಿಮೆ ಮಾಡುವುದಿಲ್ಲ. ಬೇಕಿದ್ದರೆ "ಮೊದಲ ವಾಕ್ಯಕ್ಕೆ ಒಳಪಟ್ಟು" ಎಂದು ಸೇರಿಸಿಕೊಳ್ಳಿ.

ಹಾಜರಿಪುಸ್ತಕ ಅವರೇ, ಹೊಸ ಸಂಹಿತೆ ಬರುವವರೆಗೆ ಕಾಯದೆ ಆ ನೋಟಿಸಿಗೆ ಉತ್ತರ ಕೊಡಲು ನಿಮ್ಮ ಸಹೋದ್ಯೋಗಿಗೆ ಹೇಳಿ. ಅವಧಿ ಮೀರಿದರೆ ಒಪ್ಪಿಕೊಂಡಂತೆ ಬರೆದುಬಿಡುತ್ತಾರೆ. ಯಾವ ವಿದ್ಯಾರ್ಥಿಗೆ ಯಾವ ರೀತಿಯಲ್ಲಿ ತೊಂದರೆಯಾಯಿತೆಂದು ದೂರುದಾರರು ಹೇಳಿದ್ದಾರೆ ಎಂಬುದನ್ನು ಲಿಖಿತವಾಗಿ ಕೇಳಲಿ, ಮತ್ತು ಫೋಟೊದಲ್ಲಿರುವ ಇನ್ನೊಬ್ಬ ಶಿಕ್ಷಕರಿಗೆ ನೋಟಿಸ್ ಹೋಗದಿರಲು ಕಾರಣವೇನೆಂದೂ ಕೇಳಲಿ.

ಚಾಕ್‌ಪುಡಿ

ಎರಡನೆಯ ಪ್ರಶ್ನೆ ಕೇಳಿದರೆ ಅವರಿಗೂ ಒಂದು ನೋಟಿಸ್ ಕಳಿಸಿ ಕೈತೊಳೆದುಕೊಳ್ಳುತ್ತಾರೆ.

ವಕಾಲತ್ತು

ಸಾಧ್ಯವಿದೆ. ಅದನ್ನು ಕೇಳಬೇಕೋ ಬೇಡವೋ ಎಂಬುದನ್ನು ಆ ಇಬ್ಬರೂ ಕುಳಿತು ಮಾತಾಡಿಕೊಂಡು ನಿರ್ಧರಿಸಲಿ. ಮೊದಲನೆಯದನ್ನಂತೂ ಬಿಡುವುದು ಬೇಡ.

ನೇರಮಾತು

ನಾಲ್ಕು ವಾಕ್ಯ, ಎರಡು ತಿದ್ದುಪಡಿ, ಒಂದು ಷರತ್ತು. ನನ್ನದು ಒಂದೇ ಪದವಾಗಿತ್ತು.

ಇಬ್ಬರ ಅಮ್ಮ

ನಿಮ್ಮ ಒಂದು ಪದದಲ್ಲಿ ನನ್ನ ಮಕ್ಕಳಿಗೆ ಜಾಗವಿರಲಿಲ್ಲ, ನೇರಮಾತು ಅವರೇ.